ಎರವಲು ನಡೆಗಳು ಮತ್ತು ಮನುಷ್ಯನ ಬೆಲೆ

ಚದುರಂಗದಲ್ಲಿ ಆರಂಭದ ನಡೆಗಳಿಗೆ ವಿಶೇಷ ಮಹತ್ವವಿದೆ. ಶತಮಾನಗಳಿಂದ ಆಟಗಾರರು ಗೆದ್ದೂ ಸೋತೂ ಕಂಡುಕೊಂಡ ಈ ನಡೆಗಳು ಗ್ರಂಥಗಳಲ್ಲಿ ದಾಖಲಾಗಿವೆ. ಚದುರಂಗವಾಡುವ ಗಣಕಯಂತ್ರಗಳ ಸ್ಮೃತಿಯಲ್ಲಿಯೂ ಅವುಗಳನ್ನು ತುಂಬಿಡುವ ರೂಢಿ ಬೆಳೆಯಿತು. ಈ ಸಂಗ್ರಹವನ್ನು ತೆಗೆದುಬಿಟ್ಟರೆ ಯಂತ್ರವು ಸಮರ್ಥ ಆಟಗಾರನನ್ನು ಸೋಲಿಸಬಲ್ಲದೇ? ಮೇಲ್ನೋಟಕ್ಕೆ ಇದು ಆಟಕ್ಕೆ ಸಂಬಂಧಿಸಿದ ಪ್ರಶ್ನೆ. ಒಳಹೊಕ್ಕು ನೋಡಿದರೆ, ಮನುಷ್ಯನ ಬೆಲೆ ಎಲ್ಲಿದೆ ಎಂಬ ಆತಂಕ ಇದರಲ್ಲಿ ಅಡಗಿದೆ.

1997ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಐಬಿಎಂ ಸಂಸ್ಥೆಯ ‘ಡೀಪ್ ಬ್ಲೂ’ ಯಂತ್ರವು ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಮೂರೂವರೆ–ಎರಡೂವರೆ ಅಂಕಗಳಿಂದ ಮಣಿಸಿತು. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುವ ಶಕ್ತಿ ಅದಕ್ಕಿತ್ತು. ಆದರೂ ಕೇವಲ 19 ನಡೆಗಳಲ್ಲಿ ಮುಗಿದ ಕೊನೆಯ ಆಟದಲ್ಲಿ ಅದು ತನ್ನ ಕುದುರೆಯನ್ನು ಬಲಿಕೊಟ್ಟ ನಿರ್ಣಾಯಕ ನಡೆ, ಮನುಷ್ಯರು ಸಿದ್ಧಪಡಿಸಿಕೊಟ್ಟ ಸಂಗ್ರಹದಿಂದ ಬಂದದ್ದು. ಪುಸ್ತಕ ನೋಡಿ ಪರೀಕ್ಷೆ ಬರೆದವನನ್ನು ಜಾಣನೆನ್ನಲಾದೀತೇ ಎಂದು ಸಮಾಧಾನಪಟ್ಟುಕೊಳ್ಳಲು ಆಗ ನಮಗೆ ಅವಕಾಶವಿತ್ತು.

ಆ ಸಮಾಧಾನ ಉಳಿಯಲಿಲ್ಲ. 2017ರ ಡಿಸೆಂಬರಿನಲ್ಲಿ ಡೀಪ್‌ಮೈಂಡ್ ಸಂಸ್ಥೆ ‘ಆಲ್ಫಾಜೀರೋ’ವನ್ನು ಲೋಕಕ್ಕೆ ಪರಿಚಯಿಸಿತು. ಅದಕ್ಕೆ ಕೊಟ್ಟದ್ದು ಆಟದ ನಿಯಮಗಳನ್ನು ಮಾತ್ರ. ಮನುಷ್ಯರಾಡಿದ ಒಂದು ಆಟವನ್ನೂ ತೋರಿಸಿರಲಿಲ್ಲ. ತನ್ನೊಡನೆ ತಾನೇ ಲಕ್ಷಾಂತರ ಆಟಗಳನ್ನಾಡಿ ಕಲಿತ ಅದು, ಯಾವ ಮನುಷ್ಯನಿಗಿಂತಲೂ ಬಲಶಾಲಿಯಾಗಿದ್ದ ‘ಸ್ಟಾಕ್‌ಫಿಶ್’ ಎಂಬ ತಂತ್ರಾಂಶದ ವಿರುದ್ಧ 100 ಆಟಗಳಲ್ಲಿ 28ನ್ನು ಗೆದ್ದು, 72ನ್ನು ಸಮ ಮಾಡಿಕೊಂಡು, ಒಂದನ್ನೂ ಸೋಲಲಿಲ್ಲ. ಸ್ಟಾಕ್‌ಫಿಶ್‌ಗೂ ಆರಂಭಿಕ ನಡೆಗಳ ಸಂಗ್ರಹ ಕೊಟ್ಟಿರಲಿಲ್ಲ ಎಂಬ ಆಕ್ಷೇಪ ಕೇಳಿಬಂತು. ಅದೇನೇ ಇರಲಿ, ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು: ಸೋಲಿಸಬಲ್ಲದು.

ಇದರಲ್ಲಿ ಇನ್ನೊಂದು ಸೋಜಿಗವಿದೆ. ಕ್ವೀನ್ಸ್ ಗ್ಯಾಂಬಿಟ್‌ನಂತಹ, ನಮ್ಮ ಹಿರಿಯರು ಬೆಲೆಕಟ್ಟಿದ್ದ ಹಲವು ಆರಂಭಗಳನ್ನು ಆಲ್ಫಾಜೀರೋ ಯಾರೂ ಹೇಳಿಕೊಡದೆಯೇ ತಾನಾಗಿ ಕಂಡುಕೊಂಡಿತು. ಪರಂಪರೆ ಕಾಪಿಟ್ಟ ಜ್ಞಾನ ಹುಸಿಯಾಗಿರಲಿಲ್ಲ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಅಷ್ಟಕ್ಕೂ ಎರವಲು ಪಡೆದ ಜ್ಞಾನವನ್ನು ನಾವೇಕೆ ಕೀಳಾಗಿ ಕಾಣಬೇಕು? ಕಾಸ್ಪರೋವ್ ಕೂಡ ಹಿಂದಿನವರ ನಡೆಗಳನ್ನು ಅಭ್ಯಾಸಮಾಡಿಯೇ ಬೆಳೆದವರು. ನಾವಾಡುವ ಮಾತು, ಎಣಿಸುವ ಮಗ್ಗಿ, ಅಡುಗೆಗೆ ಹಾಕುವ ಉಪ್ಪಿನ ಹದ, ಎಲ್ಲವೂ ಯಾರೋ ಕೊಟ್ಟದ್ದೇ. ಕೊಟ್ಟವರನ್ನು ನೆನೆದು ಕೃತಜ್ಞರಾಗುವುದು, ಪಡೆದುದನ್ನು ಮುಂದಿನವರಿಗೆ ಪ್ರೀತಿಯಿಂದ ದಾಟಿಸುವುದು ನಮ್ಮ ಪಾಲಿನ ಕರ್ತವ್ಯ.

ಸಾಮರ್ಥ್ಯದಿಂದಲೇ ಮನುಷ್ಯನಿಗೆ ಬೆಲೆ ಎನ್ನುವುದಾದರೆ, ಅವನನ್ನು ಮೀರಿಸುವ ಯಂತ್ರ ಬಂದ ದಿನವೇ ಆ ಬೆಲೆ ಇಳಿಯಬೇಕಿತ್ತು. ಹಾಗಾಗಲಿಲ್ಲ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ 18 ವರ್ಷದ ಡಿ. ಗುಕೇಶ್ ಚೀನಾದ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದಾಗ, ಮಣೆಯ ಮುಂದೆಯೇ ಅತ್ತುಬಿಟ್ಟರು. ಮೊಬೈಲಿನಲ್ಲಿರುವ ತಂತ್ರಾಂಶವೂ ಅವರಿಬ್ಬರನ್ನು ಸೋಲಿಸಬಲ್ಲದೆಂದು ನೋಡುವವರಿಗೆ ತಿಳಿದಿತ್ತು. ಆದರೂ ಆ ಕಣ್ಣೀರು ಅವರ ಮನಮುಟ್ಟಿತು.

ಈ ಅರಿವು ನಮ್ಮ ಮನೆಗಳಿಗೂ ಬೇಕು. ಅಂಕಗಳಲ್ಲಿ ಹಿಂದುಳಿದ ಮಗುವನ್ನು ಪಕ್ಕದ ಮನೆಯ ಮಗುವಿನೊಡನೆ ತೂಗುವಾಗ, ಮೊಮ್ಮಕ್ಕಳ ಹೆಸರನ್ನೇ ಮರೆತ ಅಜ್ಜನನ್ನು ಹೊರೆಯೆಂದು ಭಾವಿಸುವಾಗ, ಯಂತ್ರಕ್ಕೆ ಹಿಡಿಯಬೇಕಾದ ಅಳತೆಗೋಲನ್ನು ನಾವು ಮನುಷ್ಯರಿಗೆ ಹಿಡಿಯುತ್ತಿದ್ದೇವೆ. ಪ್ರತಿಭೆಯನ್ನು ಬೆಳೆಸೋಣ, ಗೆದ್ದವರನ್ನು ಅಭಿನಂದಿಸೋಣ. ಆದರೆ ಸೋತು ಮನೆಗೆ ಬರುವ ಮಗುವಿಗೂ ಊಟದ ಸಾಲಿನಲ್ಲಿ ಎಂದಿನ ಸ್ಥಾನವೇ ಇರಲಿ.