ಎಳೆದಷ್ಟೂ

ಆಷಾಢದ ಗಾಳಿಯಲ್ಲಿ ಅಣ್ಣಂದಿರ ಹಿಂದೆ ದಾರದುಂಡೆ ಹಿಡಿದು ಓಡಿದವಳು ನಾನು. ಸೂತ್ರ ಕಟ್ಟುವ ಕೆಲಸ ಅವರದು. ಬಾಲಂಗೋಚಿಗೆ ಅಮ್ಮನ ಹಳೆಯ ಸೀರೆಯಂಚು ಹರಿದು ತರುವ ಕೆಲಸ, ಅದಕ್ಕೆ ಬೈಸಿಕೊಳ್ಳುವ ಕೆಲಸ ನನ್ನದು. ಹೀಗಾಗಿ ಅರವತ್ತೆರಡನೆಯ ವಯಸ್ಸಿನಲ್ಲಿ ನೆದರ್‌ಲೆಂಡ್ಸಿನ ಅಂಗಡಿಯೊಂದರಲ್ಲಿ ಮಗಳ ಜೊತೆ ಗಾಳಿಪಟದ ಸಾಮಾನು ಕೊಳ್ಳಲು ನಿಂತಾಗ, ಈ ವಿದ್ಯೆ ನನಗೂ ಕೊಂಚ ಗೊತ್ತು ಎಂಬ ಠೀವಿಯಲ್ಲೇ ಇದ್ದೆ.

ಆದರೆ ಅವಳ ಪಟ ಬೇರೆಯ ಜಾತಿಯದು. ಹಲಗೆಯ ಮೇಲೆ ನಿಂತವರನ್ನು ಸಮುದ್ರದುದ್ದಕ್ಕೂ ಎಳೆದೊಯ್ಯುವ ಒಂಬತ್ತು ಚದರ ಮೀಟರಿನ ಪಟ. ಅಂಚಿಗೆ ಗಾಳಿ ತುಂಬಿಸಿ, ನೀರಿಗೆ ಬಿದ್ದರೂ ಮತ್ತೆ ಏಳುವಂತೆ ಮಾಡಿದವರು ಫ್ರಾನ್ಸಿನ ಲೆಗೆನ್ಯು ಅಣ್ಣತಮ್ಮಂದಿರು. 1984ರಲ್ಲಿ ಅದರ ಪೇಟೆಂಟಿಗೆ ಅರ್ಜಿ ಹಾಕಿದರು. 2024ರಲ್ಲಿ ಈ ಆಟ ಒಲಿಂಪಿಕ್ಸಿಗೂ ಬಂತು, ಹೆಂಗಸರ ಚಿನ್ನ ಬ್ರಿಟನ್ನಿನ ಎಲ್ಲಿ ಆಲ್ಡ್ರಿಜ್ ಪಾಲಾಯಿತು.

ನಾವು ಕೊಳ್ಳಲು ಹೋದದ್ದು ಪಟವನ್ನಲ್ಲ, ಅದನ್ನು ಹಿಡಿಯುವ ಕೋಲನ್ನು. ಬಾರ್ ಎನ್ನುತ್ತಾರೆ. ಸುಮಾರು ಅರ್ಧ ಮೀಟರ್ ಉದ್ದ. ಅದರಿಂದ ಇಪ್ಪತ್ತು ಚಿಲ್ಲರೆ ಮೀಟರಿನ ನಾಲ್ಕು ದಾರ. ನಡುವಿನ ಎರಡು ದಾರಗಳು ಸೊಂಟದ ಪಟ್ಟಿಯ ಕೊಕ್ಕೆಗೆ ಬರುತ್ತವೆ, ಭಾರವೆಲ್ಲ ಅಲ್ಲಿಗೇ. ಮಿಕ್ಕೆರಡು ಕೋಲಿನ ಎರಡು ತುದಿಗೆ. ಕೋಲನ್ನು ಮೈಗೆ ಎಳೆದುಕೊಂಡರೆ ಪಟದ ಶಕ್ತಿ ಏರುತ್ತದೆ, ದೂರ ತಳ್ಳಿದರೆ ಇಳಿಯುತ್ತದೆ. ಚಿಕ್ಕ ಪಟಕ್ಕೆ ಗಿಡ್ಡ ಕೋಲು, ದೊಡ್ಡದಕ್ಕೆ ಉದ್ದನೆಯದು. ಚಿಕ್ಕದಕ್ಕೆ ಉದ್ದ ಕೋಲು ಕಟ್ಟಿದರೆ ಮುಟ್ಟಿದ್ದಕ್ಕೆಲ್ಲ ಹಾರಿ ಬೀಳುತ್ತದಂತೆ, ಕೆಲವು ನಾದಿನಿಯರ ಹಾಗೆ. ಕೋಲಿನ ಮೇಲ್ಗಡೆ ಇನ್ನೊಂದು ಹಗ್ಗದ ತುಂಡು. ಗಾಳಿ ಜೋರಾದಾಗ ಅದನ್ನೆಳೆದರೆ ನಡುವಿನ ದಾರಗಳು ಗಿಡ್ಡವಾಗಿ ಒಟ್ಟು ಬಲವೇ ಕುಗ್ಗುತ್ತದೆ.

ಅಂಗಡಿಯ ಹುಡುಗ ಮಗಳಿಗೆ ಬಾರ್ ತೊಡಿಸಿ, ಕೈ ಚಾಚಿ ಆ ಹಗ್ಗ ಹಿಡಿಯಲು ಹೇಳಿದ. ಎರಡು ಬೆರಳಿನಷ್ಟು ಸಾಲಲಿಲ್ಲ. "ನಿನ್ನ ಕೈ ಕಣಮ್ಮ ಇದು" ಎಂದು ನಕ್ಕಳು. ಬೇಕಾದಾಗ ಎಟುಕದ ಹಗ್ಗ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಗ್ಗವನ್ನು ಹತ್ತಿರಕ್ಕೆ ಇಳಿಸಿಕೊಳ್ಳಬಹುದಾದ ಬೇರೊಂದನ್ನು ಆರಿಸಿದೆವು. ಬೆಲೆಯನ್ನು ನಾನು ರೂಪಾಯಿಗೆ ಗುಣಿಸಿದೆ, ಗುಣಿಸಬಾರದಿತ್ತು.

ಮರುದಿನ ಬ್ರೌವರ್ಸ್‌ಡಾಮ್ ಎಂಬ ಕಡೆ, ಸೊಂಟದ ಮಟ್ಟದ ನೀರಿನಲ್ಲಿ ಅವಳ ಪಾಠ. ಒಂದು ಬೀಸುಗಾಳಿ ಬಂತು. ಹೆದರಿದವಳು ಕೋಲನ್ನು ಎದೆಗವಚಿಕೊಂಡಳು. ಅವಚಿದಷ್ಟೂ ಪಟ ಬಲಿಯಿತು, ಬಲಿತಷ್ಟೂ ಇವಳು ಅವಚಿದಳು. ನೀರಿನಲ್ಲಿ ಮುಖ ಅಡಿಯಾಗಿ ಹೋಗುತ್ತಿದ್ದಳು. ಕಲಿಸುವಾತ ಕೂಗುತ್ತಿದ್ದುದು ಒಂದೇ ಮಾತು, ಬಿಡು, ಬಿಡು. ಬಿಟ್ಟಳು. ಪಟ ಸುಮ್ಮನಾಯಿತು.

ದಡದಲ್ಲಿ ನಿಂತ ನನ್ನ ಮುಷ್ಟಿಯೂ ಬಿಗಿದಿತ್ತು.

ಐದು ವರ್ಷದ ಹಿಂದೆ, ಗಂಡನ ಜೊತೆ ಇನ್ನು ಆಗುವುದಿಲ್ಲ ಎಂದು ಇವಳು ಹೇಳಿದಾಗ ನಾನು ಮಾಡಿದ್ದೂ ಇದನ್ನೇ. ಬೆಳಿಗ್ಗೆ ಫೋನು, ಸಂಜೆ ಫೋನು. "ಹೊಂದಿಕೊಂಡು ಹೋಗೇ, ನಾವೆಲ್ಲ ಹೋಗಲಿಲ್ವಾ?" ಪ್ರೀತಿ ಎಂದುಕೊಂಡಿದ್ದೆ. ಮುಕ್ಕಾಲು ಪಾಲು ಹೆದರಿಕೆ. ಕೋಲನ್ನು ತೀರಾ ಒಳಗೆಳೆದರೆ ಕೊನೆಗೆ ಪಟ ಗಾಳಿಯನ್ನೇ ಹಿಡಿಯಲಾರದೆ ಹಿಂದಕ್ಕೆ ಜಾರಿ ಬೀಳುವುದೂ ಉಂಟಂತೆ. ಇವಳು ಎಂಟು ತಿಂಗಳು ನನ್ನ ಫೋನು ಎತ್ತಲಿಲ್ಲ.

ಹಾಗಾದರೆ ಬಿಡುವುದೇ ಸರಿಯೆ? ನಮ್ಮ ಯಜಮಾನರು ಮೊದಲ ದಿನವೇ ಬಿಟ್ಟಿದ್ದರು. "ಅವಳಿಷ್ಟ" ಎಂದು ಪೇಪರು ಮಡಿಸಿ ವಾಕಿಂಗಿಗೆ ಹೊರಟರು. ನೆಂಟರೆಲ್ಲ ಅವರನ್ನು ಉದಾರಿ ಎಂದರು. ಆದರೆ ಮಗಳು ಒಮ್ಮೆ ಅಂದದ್ದು, "ಅಪ್ಪ ಏನೂ ಕೇಳಲೇ ಇಲ್ಲ." ಅದನ್ನು ಹೇಳುವಾಗ ಅವಳ ದನಿ ನನ್ನನ್ನು ಬೈಯುವಾಗಿನದಕ್ಕಿಂತ ತಣ್ಣಗಿತ್ತು. ಕೋಲನ್ನು ಪೂರಾ ದೂರ ತಳ್ಳಿದರೆ ತುದಿಯ ದಾರಗಳು ಸಡಿಲಾಗಿ, ಎತ್ತ ತಿರುಗಿಸಿದರೂ ಪಟಕ್ಕೆ ಕೇಳಿಸುವುದಿಲ್ಲ.

ಇಷ್ಟು ಯೋಚಿಸಿದ ಮೇಲೆ ನನ್ನ ಹೋಲಿಕೆಯಲ್ಲೇ ತಪ್ಪು ಕಂಡಿತು. ಮಗಳನ್ನು ಪಟ ಮಾಡಿ ಕೋಲನ್ನು ನನ್ನ ಕೈಗೆ ಕೊಟ್ಟುಕೊಂಡವರು ಯಾರು? ನೀರಿನಲ್ಲಿದ್ದವಳು ಅವಳು. ಕೋಲು ಅವಳದು. ನಾನು ದಡದವಳು. ದಡದವರು ಕೂಗಬೇಕೆ ಬೇಡವೆ, ಕೂಗಿದರೆ ಏನೆಂದು ಎಂಬುದಷ್ಟೇ ನನ್ನ ಪ್ರಶ್ನೆಯಾಗಬೇಕಿತ್ತು.

ಬಾರಿನಲ್ಲಿ ಇನ್ನೊಂದು ಏರ್ಪಾಟಿದೆ. ಯಾವುದೂ ನಡೆಯದಾಗ ಕೊಕ್ಕೆಯ ಬಳಿಯ ಬಿಡುಗಡೆಯ ಕೀಲನ್ನು ಮುಂದಕ್ಕೆ ತಳ್ಳಿದರೆ ಪಟ ಒಂದೇ ದಾರಕ್ಕೆ ನೇತು ಬಲವೆಲ್ಲ ಕಳೆದುಕೊಂಡು ಬೀಳುತ್ತದೆ. ಅದು ಹೇಗಿರಬೇಕೆಂದು 2020ರಲ್ಲಿ ಅಂತರರಾಷ್ಟ್ರೀಯ ಮಾನಕವೇ ಬಂದಿದೆ. ಮದುವೆಯ ವಿಷಯದಲ್ಲಿ ಮಗಳು ಆ ಕೀಲು ತಳ್ಳಿದಾಗ ನಾನು ದುಡುಕು ಎಂದೆ. ಅದಕ್ಕೆ ಮೊದಲು ಎಷ್ಟು ಸಲ ಕೋಲು ತಳ್ಳಿ ನೋಡಿದ್ದಳು, ಎಷ್ಟು ಸಲ ಹಗ್ಗಕ್ಕೆ ಕೈ ಚಾಚಿದ್ದಳು, ಆ ಗಿಡ್ಡ ಕೈಯಲ್ಲಿ, ಕೇಳಿರಲಿಲ್ಲ.

ಸಂಜೆ ಮರಳಿನ ಮೇಲೆ ದಾರ ಬಿಡಿಸುತ್ತ ಕೋಲನ್ನು ನನ್ನ ಕೈಗೆ ಕೊಟ್ಟಳು. "ಕೆಂಪು ತುದಿ ಎಡಗಡೆಗೆ ಅಮ್ಮಾ." ತಿರುಗಿಸಿ ಹಿಡಿದೆ. ಸ್ವಲ್ಪ ಹೊತ್ತಾದ ಮೇಲೆ, "ಆಗ ಫೋನ್ ಎತ್ತುತ್ತಿರಲಿಲ್ಲವಲ್ಲ, ಬೇಜಾರಾಗಿತ್ತಾ?" ಎಂದಳು.

"ಆಗಿತ್ತು" ಎಂದೆ. ಅವಳು ದಾರ ಸುತ್ತತೊಡಗಿದಳು.