ಅನುಮೋದನೆಯ ಹೊಣೆ

ಹಿಂಸೆಯು ಕೈಯಿಂದ ಮಾತ್ರ ನಡೆಯುವುದಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಸಂರಂಭ, ಸಮಾರಂಭ, ಆರಂಭಗಳನ್ನು ಮನೋವಾಕ್ಕಾಯಗಳಿಂದಲೂ ಕೃತ, ಕಾರಿತ, ಅನುಮತಗಳಿಂದಲೂ ನಾಲ್ಕು ಕಷಾಯಗಳಿಂದಲೂ ಗುಣಿಸಿ 108 ಭೇದಗಳನ್ನು ಹೇಳುತ್ತದೆ. ಮಾಡಿದವನಂತೆ ಮಾಡಿಸಿದವನೂ ಒಪ್ಪಿದವನೂ ಹೊಣೆಗಾರ. ಹಾಗಾದರೆ ಒಪ್ಪಿಗೆಯನ್ನು ಯಾರೂ ಕೇಳದಿದ್ದ ವ್ಯಕ್ತಿಯ ಹೊಣೆಯೇನು? ಮತದ ಹಕ್ಕಿಲ್ಲದ ಸ್ತ್ರೀಯು ತನ್ನ ದೇಶ ಹೂಡಿದ ಯುದ್ಧದ ಪಾಪದಿಂದ ತಾನಾಗಿಯೇ ಮುಕ್ತಳೇ?

ಮೊದಲ ಮಹಾಯುದ್ಧದ ಜರ್ಮನಿಯಲ್ಲಿ ಈ ಪ್ರಶ್ನೆ ಒರೆಗೆ ಬಂದಿತು. ಅಲ್ಲಿನ ಸೋಷಿಯಲ್ ಡೆಮಾಕ್ರಟಿಕ್ ಪಕ್ಷವು ಬಹುಕಾಲ ಯುದ್ಧವಿರೋಧವನ್ನು ಸಾರಿದ್ದ ಸಮಾಜವಾದಿ ಪಕ್ಷ. 1914ರ ಆಗಸ್ಟ್ 3ರಂದು ಯುದ್ಧದ ಸಾಲಕ್ಕೆ ಸಮ್ಮತಿಸುವ ವಿಷಯ ಅದರ ಸಂಸತ್ ಸದಸ್ಯರ ಒಳಸಭೆಗೆ ಬಂದಾಗ 78 ಮಂದಿ ಪರವಾಗಿಯೂ 14 ಮಂದಿ ವಿರೋಧವಾಗಿಯೂ ನಿಂತರು. ಮರುದಿನ ಸಂಸತ್ತಿನಲ್ಲಿ ಪಕ್ಷದ ಒಬ್ಬರೂ ವಿರೋಧವಾಗಿ ಮತ ನೀಡಲಿಲ್ಲ. ಒಳಸಭೆಯಲ್ಲಿ ವಿರೋಧಿಸಿದ್ದ ಹ್ಯೂಗೋ ಹಾಸೆಯವರೇ ಬೆಂಬಲದ ಹೇಳಿಕೆಯನ್ನು ಓದಿದರು! ಜಾರ್ ದೊರೆಯ ರಷ್ಯದಿಂದ ದೇಶವನ್ನು ಉಳಿಸಿಕೊಳ್ಳಬೇಕೆಂಬುದು ಅವರು ಕೊಟ್ಟ ಕಾರಣ. ನಮ್ಮ ಪರಿಭಾಷೆಯಲ್ಲಿ ವಿರೋಧೀ ಹಿಂಸೆ. ಫ್ರಾನ್ಸಿನ ಸಮಾಜವಾದಿಗಳು ಜರ್ಮನಿಯನ್ನು ತೋರಿಸಿ ಇದೇ ಮಾತನ್ನಾಡಿದರು. ಗೃಹಸ್ಥನಿಗಿರುವ ವಿನಾಯಿತಿಯನ್ನು ಎರಡು ಕಡೆಯವರೂ ಏಕಕಾಲಕ್ಕೆ ಬಳಸಿಕೊಂಡರೆ ಆಗುವುದು ಇದೇ.

1908ರವರೆಗೆ ಜರ್ಮನಿಯ ಬಹುಭಾಗದಲ್ಲಿ ಸ್ತ್ರೀಯರು ರಾಜಕೀಯ ಪಕ್ಷವನ್ನು ಸೇರುವುದಕ್ಕೂ ಕಾನೂನಿನ ತಡೆಯಿತ್ತು. ಮತದಾನವಂತೂ ದೂರದ ಮಾತು. ಸುಮ್ಮನಿರಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಆದರೂ ಸಮಾಜವಾದಿ ಸ್ತ್ರೀಯರ ಪತ್ರಿಕೆಯ ಸಂಪಾದಕಿ ಕ್ಲಾರಾ ಜೆಟ್‌ಕಿನ್ ಅವರು 1915ರ ಮಾರ್ಚ್ 26ರಿಂದ 28ರವರೆಗೆ ತಟಸ್ಥ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಸಮ್ಮೇಳನ ಕರೆದರು. ಕೂಡಿದವರು ಸುಮಾರು ಮೂವತ್ತು ಮಂದಿ. ಆದರೆ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ದೇಶಗಳವರು. ರೋಸಾ ಲಕ್ಸೆಂಬರ್ಗ್ ಆ ಹೊತ್ತಿಗಾಗಲೇ ಸೆರೆಮನೆಯಲ್ಲಿದ್ದರು. ಸಮ್ಮೇಳನದ ಕರಪತ್ರಗಳು ಗುಟ್ಟಾಗಿ ಗಡಿ ದಾಟಿದವು. ಜುಲೈ ಕೊನೆಯಲ್ಲಿ ಜೆಟ್‌ಕಿನ್ ಬಂಧಿತರಾದರು; ಫ್ರಾನ್ಸಿನಿಂದ ಬಂದಿದ್ದ ಲೂಯಿಸ್ ಸೋಮೊನೊ ಅವರೂ ಅದೇ ವರ್ಷ ಸೆರೆಯಾದರು.

ಆ ಕರಪತ್ರವು ದುಡಿಯುವ ವರ್ಗದ ಹೆಂಡಂದಿರನ್ನೂ ತಾಯಂದಿರನ್ನೂ ಕುರಿತು ಬರೆದದ್ದು. ಸ್ತ್ರೀಯು ಸ್ವಭಾವತಃ ಕರುಣಾಮಯಿ ಎಂಬ ಹೊಗಳಿಕೆ ಇಲ್ಲಿ ಸುಲಭವಾಗಿ ನುಸುಳುತ್ತದೆ. ಆ ಹೊಗಳಿಕೆ ಸಂದೇಹಾಸ್ಪದವಾದುದು. 1914ರ ಆಗಸ್ಟಿನಲ್ಲಿ ಸೈನಿಕರಿಗೆ ಹೂವು ಮುಡಿಸಿ ಕಳುಹಿಸಿದವರಲ್ಲಿಯೂ ತಾಯಂದಿರಿದ್ದರು. ಸ್ವಭಾವದಿಂದ ಬಂದದ್ದು ವ್ರತವಲ್ಲ. ಅರಿತು ಸ್ವೀಕರಿಸಿದ್ದು ವ್ರತ. ಶ್ರಾವಿಕೆಯು ಅಣುವ್ರತಗಳನ್ನು ತಾನೇ ಸ್ವೀಕರಿಸುತ್ತಾಳೆ. ಪತಿಯ ವ್ರತ ಅವಳನ್ನು ಕಾಯುವುದಿಲ್ಲ, ಪತಿಯ ಮೌನ ಅವಳನ್ನು ಬಿಡಿಸುವುದೂ ಇಲ್ಲ. ಟ್ರಸ್ಟಿನ ಸಭೆಯಲ್ಲಿ ಕೈಯೆತ್ತುವ ಅಧಿಕಾರವಿಲ್ಲದ ಶ್ರಾವಿಕೆಗೂ ಈ ಮಾತು ಸಲ್ಲುತ್ತದೆ.

ಜೆಟ್‌ಕಿನ್ ಅವರನ್ನು ಅಹಿಂಸಾವ್ರತಿಯೆಂದರೆ ಸತ್ಯವ್ರತಕ್ಕೆ ಭಂಗ. ಮುಂದೆ ಅವರು ರಷ್ಯದ ಕ್ರಾಂತಿಯನ್ನೂ ಅದರ ಬಲಪ್ರಯೋಗವನ್ನೂ ಸಮರ್ಥಿಸಿದರು. ಅದರ ಅನುಮೋದನೆಯೂ ಅವರ ಲೆಕ್ಕಕ್ಕೇ ಸೇರಬೇಕು. ಆದರೆ 1915ರಲ್ಲಿ, ಮತವಿದ್ದ ಪುರುಷರು ಶಿಸ್ತಿನ ಹೆಸರಿನಲ್ಲಿ ಹೊಣೆಯನ್ನು ಇಳಿಸಿಕೊಂಡಾಗ, ಮತವಿಲ್ಲದ ಈ ಸ್ತ್ರೀಯರು ಅದನ್ನು ಕೇಳಿ ಪಡೆದರು. ಜರ್ಮನಿಯಲ್ಲಿ ಸ್ತ್ರೀಯರಿಗೆ ಮತದ ಹಕ್ಕನ್ನು ಘೋಷಿಸಿದ್ದು 1918ರ ನವೆಂಬರ್ 12ರಂದು, ಕದನವಿರಾಮದ ಮರುದಿನ. ಸೋಮೊನೊ ಅವರ ಫ್ರಾನ್ಸಿನಲ್ಲಿ ಅದು 1944ರವರೆಗೆ ಬರಲಿಲ್ಲ.