ಚಿಗರಿಯ ಪಾಲು ಯಾರ ಹೊಲದಿಂದ?

ಸೇಡಂ ತಾಲ್ಲೂಕಿನ ಮುಧೋಳದ ಕಡೆ ಮುಂಗಾರು ಹದವಾಗಿ ಬಿದ್ದರೆ ಎರೆಭೂಮಿಯಲ್ಲಿ ಹೆಸರು, ಉದ್ದು, ತೊಗರಿ ಮೊಳೆಯುತ್ತವೆ. ಎಳೆಯ ಪೈರು ಮೇಲೇಳುವ ಹೊತ್ತಿಗೆ ಈ ಸೀಮೆಯ ಎಷ್ಟೋ ಹೊಲಗಳಿಗೆ ಚಿಗರಿಗಳೂ ಬರುತ್ತವೆ. ಸಾಲ ಮಾಡಿ ಬಿತ್ತಿದವನ ಮುಂದೆ ನಿಂತು, ಅದೂ ದೇವರ ಸೃಷ್ಟಿಯೇ, ತಿಂದುಕೊಂಡು ಹೋಗಲಿ ಬಿಡು ಎನ್ನಲು ನಮ್ಮಲ್ಲಿ ಯಾರಿಗೆ ಬಾಯಿ ಬಂದೀತು? ಹಾಗೆಂದು ಚಿಗರಿಯನ್ನು ಕಳ್ಳನೆನ್ನೋಣವೇ?

ಅದರ ಕೆಲಸವೇನೆಂದು ಮೊದಲು ನೋಡೋಣ. ಬಿಸಿಲನ್ನು ಆಹಾರವಾಗಿಸಬಲ್ಲದ್ದು ಹಸಿರು ಮಾತ್ರ. ಆದರೆ ಹುಲ್ಲಿನ ನಾರು ತೋಳಕ್ಕೂ ದಕ್ಕದು, ನಮಗೂ ದಕ್ಕದು. ಚಿಗರಿ, ಕುರಿ, ದನಗಳ ಹೊಟ್ಟೆಯಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಆ ನಾರನ್ನು ಕರಗಿಸುತ್ತವೆ. ಪ್ರಾಣಿ ಮೆಲುಕು ಹಾಕುತ್ತದೆ, ಹುಲ್ಲು ಮಾಂಸವಾಗುತ್ತದೆ, ಹಾಲಾಗುತ್ತದೆ. ತಿಂದುದರಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಮುಂದಿನವರಿಗೆ ಉಳಿಯುತ್ತದೆಂದು ವಿಜ್ಞಾನಿಗಳ ಲೆಕ್ಕ. ಆದ್ದರಿಂದಲೇ ಒಂದು ತೋಳ ಬದುಕಬೇಕಾದರೆ ಹಲವಾರು ಚಿಗರಿಗಳು ಬೇಕು, ಅವಕ್ಕೆ ವಿಸ್ತಾರವಾದ ಬಯಲು ಬೇಕು. ನಮ್ಮ ಕಾಗಿಣಾ ಹೊಳೆಯಲ್ಲಿಯೂ ಇದೇ ಏರ್ಪಾಡು: ಕಲ್ಲಿನ ಮೇಲಿನ ಪಾಚಿಯನ್ನು ಬಸವನಹುಳು ಕೆರೆದು ತಿನ್ನುತ್ತದೆ, ಅದನ್ನು ಕೊಕ್ಕರೆ ಹೆಕ್ಕುತ್ತದೆ. ಹೊಲದ ಬದುವಿನಲ್ಲಿ ಈ ಕೆಲಸ ಮಿಡತೆಯದು.

ಚಿಂಚೋಳಿಯ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದರು. ಸುಮಾರು 135 ಚದರ ಕಿಲೋಮೀಟರು. ತೋಳ, ಕತ್ತೆಕಿರುಬ, ಚಿಗರಿಗಳಿಗೆ ಅಲ್ಲಿ ಕಾಯ್ದೆಯ ಆಶ್ರಯವಿದೆ. ಆದರೆ ಚಿಗರಿ ಹುಟ್ಟಾ ಬಯಲಿನ ಪ್ರಾಣಿ. ದೂರದವರೆಗೆ ಕಾಣಬೇಕು, ಓಡಬೇಕು. ದಟ್ಟ ಕಾಡು ಅದಕ್ಕೆ ಒಗ್ಗದು. ಅದು ಮೇಯುತ್ತಿದ್ದ ಹುಲ್ಲುಗಾವಲನ್ನು ಪಾಳು ಎಂದು ಕರೆದು ಉತ್ತವರು ನಾವು. ಶಹಾಬಾದ, ವಾಡಿಯ ಕಡೆ ಕಲ್ಲಿಗೂ ಸಿಮೆಂಟಿಗೂ ನೆಲ ಅಗೆದವರೂ ನಾವೇ. ಹುಲ್ಲು ಹೋದಲ್ಲಿ ಚಿಗರಿ ತೊಗರಿಗೆ ಬಾಯಿ ಹಾಕುತ್ತದೆ. ಚಿಗರಿ ಇಲ್ಲದಲ್ಲಿ ತೋಳ ಕುರಿಹಟ್ಟಿಗೆ ಬರುತ್ತದೆ. ನಷ್ಟ ಎರಡು ಸಲವೂ ಬಡವನದೇ, ಒಮ್ಮೆ ರೈತನದು, ಒಮ್ಮೆ ಕುರಿಗಾಹಿಯದು.

1972ರ ಕಾಯ್ದೆಯ ಪ್ರಕಾರ ಚಿಗರಿಯನ್ನು ಕೊಲ್ಲುವುದು ಅಪರಾಧ. ಇಂದು ಅದಕ್ಕೆ ಮೂರರಿಂದ ಏಳು ವರ್ಷದ ಸೆರೆವಾಸವಿದೆ. ಈ ಕಾಯ್ದೆ ನ್ಯಾಯವಾದದ್ದೇ ಎಂದು ನಾನು ನಂಬುತ್ತೇನೆ. ಆದರೆ ಕಾಯ್ದೆಯ ಖರ್ಚನ್ನು ಹೊಲದ ಒಡೆಯನೊಬ್ಬನ ತಲೆಗೆ ಕಟ್ಟುವುದು ನ್ಯಾಯವೆ? ಚಿಗರಿ ಉಳಿಯಲಿ ಎನ್ನುವ ನಾವು ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಕುಳಿತು ತೊಗರಿಬೇಳೆಗೆ ಒಂದು ರೂಪಾಯಿ ಹೆಚ್ಚಾದರೆ ಗೊಣಗುತ್ತೇವೆ. (ನಾನೂ ಗೊಣಗಿದವನೇ.)

ವಿಮೋಚನಾಕಾಂಡದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ಏಳನೆಯ ವರ್ಷದ ನಿಯಮವೊಂದಿದೆ. ಆ ವರ್ಷ ಭೂಮಿಯನ್ನು ಬೀಳುಬಿಡಬೇಕು; ತಾನಾಗಿ ಬೆಳೆದದ್ದನ್ನು ಬಡವರು ತಿನ್ನಬೇಕು, ಅವರು ತಿಂದು ಉಳಿದದ್ದು ಕಾಡುಮೃಗಗಳಿಗೆ. ಈ ಸರದಿಯನ್ನು ಗಮನಿಸಿರಿ. ಮೃಗಕ್ಕೆ ಪಾಲಿದೆ, ಆದರೆ ಅದನ್ನು ಬಡವನ ಬಾಯಿಂದ ಕಿತ್ತು ಕೊಡುವುದಿಲ್ಲ. ಮೇಲಾಗಿ ಆ ನಿಯಮ ಒಬ್ಬಿಬ್ಬರಿಗಲ್ಲ, ಇಡೀ ಜನಾಂಗಕ್ಕೆ. ನಮ್ಮಲ್ಲಿ ಊರಿಗೆ ಉಳಿದ ಗೋಮಾಳವನ್ನಾದರೂ ಹುಲ್ಲಿಗೆ ಬಿಡಬಹುದು. ಬೆಳೆ ಹಾನಿಯ ಪರಿಹಾರವನ್ನು ಮುಂದಿನ ಬಿತ್ತನೆಗೆ ಮುಂಚೆಯೇ ರೈತನ ಕೈಗೆ ಮುಟ್ಟಿಸಬಹುದು. ಅಲ್ಲಿಯವರೆಗೆ ತೊಗರಿ ಹೊಲದ ಅಟ್ಟದ ಮೇಲೆ ಕಂಬಳಿ ಹೊದ್ದು, ಡಬ್ಬಿ ಬಡಿಯುತ್ತ ರಾತ್ರಿ ಕಳೆಯುವವನು ನಮ್ಮೆಲ್ಲರ ಪಾಲಿನ ಕಾವಲನ್ನು ಕಾಯುತ್ತಿದ್ದಾನೆ, ಅದೂ ಕೂಲಿಯಿಲ್ಲದೆ.